ಪರಿಸರ ಮತ್ತು ವಿದ್ಯುತ್ ಕಾನೂನಿನ ಎಲ್‌ಎಲ್‌.ಎಂ.: ಎಲ್ಲಿ, ಯಾವಾಗ, ಏತಕ್ಕೆ?

ಕಾನೂನಿನ ಉನ್ನತ ಓದಿನ ಕುರಿತು ಬಂದಿರುವ ಪತ್ರಗಳ ಪೈಕಿ ಮೂರಕ್ಕೆ ಈ ಬಾರಿ ಉತ್ತರಿಸಿದ್ದೇನೆ. ಮೂರೂ ಒಂದೇ ವಿಷಯದ ಸುತ್ತ ಇರುವುದರಿಂದ ಒಂದರ ಉತ್ತರ ಇನ್ನೊಬ್ಬರಿಗೂ ಉಪಯೋಗಕ್ಕೆ ಬರಬಹುದು.

ಪ್ರಶ್ನೆ: ನಾನು ಪಾಂಡವಪುರ ತಾಲ್ಲೂಕಿನ ಹಳ್ಳಿಯವಳು. ಮೈಸೂರಿನ ಕಾನೂನು ಕಾಲೇಜೊಂದರಲ್ಲಿ ಐದು ವರ್ಷದ ಎಲ್‌ಎಲ್‌.ಬಿ.ಯ ಕೊನೆಯ ವರ್ಷದಲ್ಲಿದ್ದೇನೆ. ತಂದೆ ವಿದ್ಯುತ್ ಸರಬರಾಜು ಕಂಪನಿಯಲ್ಲಿ ಲೈನ್‌ಮನ್. ಪರಿಸರ ಮತ್ತು ಇಂಧನ ನಿಯಂತ್ರಣದ ಕಾನೂನಿನಲ್ಲಿ ಎಲ್‌ಎಲ್‌.ಎಂ. ಮಾಡುವ ಆಸೆಯಿದೆ. ಎರಡನ್ನೂ ಒಟ್ಟಿಗೆ ಓದುವುದರಲ್ಲಿ ಅರ್ಥವಿಲ್ಲ, ಒಂದನ್ನು ಹಿಡಿ ಎಂದು ಕೆಲವರು ಹೇಳುತ್ತಾರೆ. ಅದರಲ್ಲಿ ಅನ್ನ ಹುಟ್ಟುವುದಿಲ್ಲ, ಸಿವಿಲ್ ನೋಡಿಕೋ ಎಂದು ಸೀನಿಯರ್ ವಕೀಲರು ಹೇಳುತ್ತಾರೆ. ಒಂದು ವರ್ಷದ ಎಲ್‌ಎಲ್‌.ಎಂ.ಗೆ ಮಾನ್ಯತೆ ಇದೆಯೇ? ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಇದು ಸಾಧ್ಯವೇ?

ಉತ್ತರ: ಎರಡನ್ನೂ ಒಟ್ಟಿಗೆ ಏಕೆ ಓದಬೇಕು ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಜಿಲ್ಲೆಯಲ್ಲೇ ಇದೆ. 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿದ ದಿನದಿಂದ ಮಂಡ್ಯ ಸೀಮೆಯಲ್ಲಿ ಹೊಳೆಯ ನೀರಿನ ಮಾತೂ ಕರೆಂಟಿನ ಮಾತೂ ಬೇರೆಬೇರೆಯಾಗಿ ಉಳಿದಿಲ್ಲ. ಇವತ್ತಿನ ಉದಾಹರಣೆ ಬೇಕಾದರೆ ಕಬ್ಬಿನ ಸಿಪ್ಪೆಯನ್ನು ಉರಿಸಿ ವಿದ್ಯುತ್ ತಯಾರಿಸುವ ಸಕ್ಕರೆ ಕಾರ್ಖಾನೆಯೊಂದರ ಚಿಮಣಿಯನ್ನು ನೋಡಿ. ಆ ವಿದ್ಯುತ್ತನ್ನು ಸರಬರಾಜು ಕಂಪನಿ ಯಾವ ದರಕ್ಕೆ, ಯಾವ ಒಪ್ಪಂದದ ಮೇಲೆ ಕೊಳ್ಳಬೇಕೆಂಬುದನ್ನು 2003ರ ವಿದ್ಯುಚ್ಛಕ್ತಿ ಕಾಯ್ದೆಯ ಅಡಿಯಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ನಿಯಂತ್ರಿಸುತ್ತದೆ. ಅದೇ ಚಿಮಣಿಯಿಂದ ಅಕ್ಕಪಕ್ಕದ ಗದ್ದೆಗಳ ಮೇಲೆ ಬೀಳುವ ಬೂದಿಗೆ 1981ರ ವಾಯು ಮಾಲಿನ್ಯ ಕಾಯ್ದೆ, ಕಾರ್ಖಾನೆಯಿಂದ ನಾಲೆಗೆ ಸೇರುವ ನೀರಿಗೆ 1974ರ ಜಲ ಮಾಲಿನ್ಯ ಕಾಯ್ದೆ ಅನ್ವಯಿಸುತ್ತವೆ, ಮತ್ತು ಇವೆರಡನ್ನೂ ಜಾರಿಗೆ ತರುವುದು ಮಾಲಿನ್ಯ ನಿಯಂತ್ರಣ ಮಂಡಳಿ. ಬೂದಿಯನ್ನು ಹಿಡಿಯುವ ಯಂತ್ರವನ್ನು ಅಳವಡಿಸಿ ಎಂದು ಮಂಡಳಿ ಆದೇಶಿಸಿದಾಗ ಅದರ ಖರ್ಚನ್ನು ಕಾರ್ಖಾನೆ ಹೊರಬೇಕೋ, ಕರೆಂಟ್ ಬಿಲ್ ಕಟ್ಟುವವರು ಹೊರಬೇಕೋ ಎಂಬ ಪ್ರಶ್ನೆ ಎದ್ದರೆ ಪರಿಸರ ಕಾನೂನನ್ನು ಮಾತ್ರ ಬಲ್ಲ ವಕೀಲರೂ ಅರ್ಧಕ್ಕೆ ನಿಲ್ಲುತ್ತಾರೆ, ವಿದ್ಯುತ್ ಕಾನೂನನ್ನು ಮಾತ್ರ ಬಲ್ಲವರೂ ಅರ್ಧಕ್ಕೆ ನಿಲ್ಲುತ್ತಾರೆ. ಕಲ್ಲಿದ್ದಲು ಸ್ಥಾವರಗಳಿಗೆ ಕೇಂದ್ರ ಪರಿಸರ ಸಚಿವಾಲಯ 2015ರ ಡಿಸೆಂಬರ್‌ನಲ್ಲಿ ಹೊಸ ಹೊಗೆ ಮಿತಿಗಳನ್ನು ಹೊರಡಿಸಿದಾಗ ಇಂಥದೇ ತಕರಾರು ಎದ್ದಿತು. ಹೊಗೆಯಲ್ಲಿನ ಗಂಧಕವನ್ನು ತೆಗೆಯುವ ಯಂತ್ರದ ಖರ್ಚನ್ನು ‘ಕಾನೂನಿನ ಬದಲಾವಣೆ’ ಎಂದು ಎಣಿಸಿ ದರದಲ್ಲಿ ಸೇರಿಸಿಕೊಡಿ ಎಂದು ಕಂಪನಿಗಳು ವಿದ್ಯುತ್ ನಿಯಂತ್ರಣ ಆಯೋಗಗಳ ಮುಂದೆ ಹೋದವು.

ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಈಗಲೇ ಪೂರ್ತಿ ಓದಿ. ಮೊದಲನೆಯದು 2015ರ ಹಿಂದೂಸ್ತಾನ್ ಜಿಂಕ್ ಪ್ರಕರಣ. ಸ್ವಂತ ಬಳಕೆಗಾಗಿ ವಿದ್ಯುತ್ ತಯಾರಿಸುವ ಕಾರ್ಖಾನೆಗಳೂ ನಿಗದಿತ ಪ್ರಮಾಣದ ನವೀಕರಿಸಬಹುದಾದ ವಿದ್ಯುತ್ತನ್ನು ಕೊಳ್ಳಲೇಬೇಕೆಂಬ ರಾಜಸ್ಥಾನದ ಆಯೋಗದ ನಿಯಮವನ್ನು ಕೋರ್ಟ್ ಎತ್ತಿಹಿಡಿದಾಗ ವಿದ್ಯುಚ್ಛಕ್ತಿ ಕಾಯ್ದೆಯ ಜೊತೆಗೆ ಬದುಕುವ ಹಕ್ಕನ್ನು ಹೇಳುವ ಸಂವಿಧಾನದ 21ನೆಯ ವಿಧಿಯನ್ನೂ ಪರಿಸರವನ್ನು ಕಾಪಾಡುವ ಕರ್ತವ್ಯವನ್ನು ಹೇಳುವ 51ಎ(ಜಿ) ವಿಧಿಯನ್ನೂ ಆಧಾರವಾಗಿ ಹಿಡಿಯಿತು. ಎರಡನೆಯದು 2024ರ ಮಾರ್ಚ್‌ನ ಎಂ.ಕೆ. ರಂಜಿತ್‌ಸಿನ್ಹ್ ಪ್ರಕರಣ. ರಾಜಸ್ಥಾನ ಮತ್ತು ಗುಜರಾತ್‌ಗಳಲ್ಲಿ ಸೌರ ವಿದ್ಯುತ್ತನ್ನು ಸಾಗಿಸುವ ತಂತಿಗಳಿಗೆ ಡಿಕ್ಕಿ ಹೊಡೆದು ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಗಳು ಸಾಯುತ್ತಿದ್ದವು. ಅವುಗಳನ್ನು ಉಳಿಸಲು ತಂತಿಗಳನ್ನು ನೆಲದಡಿ ಹಾಕಬೇಕೆಂದು 2021ರಲ್ಲಿ ನೀಡಿದ್ದ ತನ್ನದೇ ಆದೇಶವನ್ನು ಕೋರ್ಟ್ ಸಡಿಲಿಸಿತು, ಅದೇ ತೀರ್ಪಿನಲ್ಲಿ ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ರಕ್ಷಣೆ ಪಡೆಯುವ ಹಕ್ಕನ್ನೂ ಗುರುತಿಸಿತು. ಅಲ್ಲಿ ಎದುರುಬದುರಾಗಿ ನಿಂತದ್ದು ಅಳಿವಿನಂಚಿನ ಹಕ್ಕಿ ಮತ್ತು ಹೊಗೆಯುಗುಳದ ವಿದ್ಯುತ್. ಎರಡೂ ಪರಿಸರದ ಪಕ್ಷವೇ. ಇಂಥ ಪ್ರಕರಣದಲ್ಲಿ ವಾದ ಮಾಡಬಲ್ಲವರು ನಮ್ಮ ರಾಜ್ಯದಲ್ಲಿ ತೀರ ಕಡಿಮೆ, ಆದ್ದರಿಂದಲೇ ನಿಮ್ಮ ಆಸೆಯನ್ನು ನಾನು ಮನಸಾರೆ ಬೆಂಬಲಿಸುತ್ತೇನೆ.

ಆದರೆ ಕಾಲೇಜನ್ನು ಹುಡುಕುವ ಮೊದಲು ನಿಮ್ಮದೇ ಆದ ಒಂದು ಪ್ರಶ್ನೆಯನ್ನು ಹುಡುಕಿಕೊಳ್ಳಿ ಎಂಬುದು ನನ್ನ ಮುಖ್ಯ ಸಲಹೆ. ಅದಕ್ಕೆ ಕಾರಣವಾದ ನನ್ನ ಅನುಭವವೊಂದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಮಂಡ್ಯ ಜಿಲ್ಲೆಯ ಒಂದು ಹಳ್ಳಿಯ ಸಮುದಾಯ ಭವನದಲ್ಲಿ ಕಲ್ಲು ಕ್ವಾರಿಯ ವಿಸ್ತರಣೆಗೆ ಸಂಬಂಧಿಸಿದ ಪರಿಸರ ಸಾರ್ವಜನಿಕ ಅಹವಾಲು ಸಭೆ ನಡೆಯಿತು. ನಾನು ಆಗ ಯಾರ ಪರವಾಗಿಯೂ ಹೋಗಿರಲಿಲ್ಲ, ನೋಡಲೆಂದು ಹೋಗಿದ್ದೆ. ಪರಿಸರ ಪರಿಣಾಮ ಅಧ್ಯಯನದ ವರದಿ ನೂರಾರು ಪುಟಗಳ ಇಂಗ್ಲಿಷ್ ಗ್ರಂಥ, ಜನರ ಕೈಗೆ ಸಿಕ್ಕಿದ್ದು ಅದರ ಕೆಲವೇ ಪುಟಗಳ ಕನ್ನಡ ಸಾರಾಂಶ. ಅದರಲ್ಲಿ ‘ಪಲಾಯನಗೈಯುವ ಧೂಳಿನ ಪ್ರಮಾಣವು ಮಿತಿಯೊಳಗಿರುತ್ತದೆ’ ಎಂದು ಒಂದು ಸಾಲು ಇತ್ತು. ‘ಫ್ಯುಜಿಟಿವ್ ಡಸ್ಟ್’ ಎಂಬ ಮಾತನ್ನು ಯಾರೋ ನಿಘಂಟು ನೋಡಿ ಕನ್ನಡ ಮಾಡಿದ್ದರು. ಚಿಮಣಿಯಿಂದಲ್ಲದೆ ಲಾರಿ ಓಡುವ ದಾರಿಯಿಂದ, ಜಲ್ಲಿ ರಾಶಿಯಿಂದ, ಕ್ರಷರ್‌ನ ಬಾಯಿಂದ ಎದ್ದು ಹರಡುವ ಧೂಳು ಎಂಬ ಅದರ ಅರ್ಥ ಆ ಭವನದಲ್ಲಿ ಕುಳಿತಿದ್ದ ಯಾರಿಗೂ ತಿಳಿಯುವಂತಿರಲಿಲ್ಲ. ಆಗ ಹಿಂದಿನ ಸಾಲಿನಿಂದ ವಯಸ್ಸಾದ ರೇಷ್ಮೆ ಬೆಳೆಗಾರ್ತಿಯೊಬ್ಬರು ಎದ್ದು ಬಂದರು. ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಹಿಪ್ಪುನೇರಳೆ ಕಡ್ಡಿಯೊಂದನ್ನು ಬಿಚ್ಚಿ, ಎಲೆಯ ಮೇಲೆ ಬೆರಳಾಡಿಸಿ, ಬೆಳ್ಳಗಾದ ಆ ಬೆರಳನ್ನು ಅಧ್ಯಕ್ಷತೆ ವಹಿಸಿದ್ದ ಅಧಿಕಾರಿಯ ಮುಂದೆ ಹಿಡಿದರು. “ಹುಳ ಈ ಸೊಪ್ಪ ಮುಟ್ಟಾಕಿಲ್ಲ ಸ್ವಾಮಿ, ಮೂರನೇ ಜ್ವರಕ್ಕೇ ಸೊರಗೋಯ್ತವೆ” ಎಂದರು. ರೇಷ್ಮೆ ಹುಳ ಪೊರೆ ಕಳಚುವ ಹಂತವನ್ನು ಜ್ವರ ಎನ್ನುತ್ತಾರೆ. ವರದಿ ಯಾವ ಧೂಳಿನ ಮಾತಾಡುತ್ತಿತ್ತೋ ಅದೇ ಧೂಳು ಅವರ ಬೆರಳಿನ ಮೇಲಿತ್ತು. ಆದರೆ ವರದಿಗೂ ಆ ಬೆರಳಿಗೂ ನಡುವೆ ನಿಂತು ಇದು ಅದೇ ಎಂದು ಹೇಳಬಲ್ಲವರು ಸಭೆಯಲ್ಲಿರಲಿಲ್ಲ.

2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಭೆಯ ನಡಾವಳಿಯ ಸಾರಾಂಶವನ್ನು ಕೊನೆಯಲ್ಲಿ ಜನರ ಮುಂದೆ ಓದಿ, ಸ್ಥಳೀಯ ಭಾಷೆಯಲ್ಲಿ ವಿವರಿಸಬೇಕು. ಆ ಹೊತ್ತಿಗೆ ಮಧ್ಯಾಹ್ನದ ಬಸ್ಸಿಗೆ ಜನ ಎದ್ದು ಹೋಗಿದ್ದರು, ಓದಿ ಎಂದು ಕೇಳುವವರು ಉಳಿದಿರಲಿಲ್ಲ. ಆಮೇಲೆ ನಾನು ನೋಡಿದ ನಡಾವಳಿಯಲ್ಲಿ ಆ ತಾಯಿಯ ಮಾತು ‘ಸಾರ್ವಜನಿಕರು ಧೂಳಿನ ಬಗ್ಗೆ ಪ್ರಸ್ತಾಪಿಸಿದರು’ ಎಂಬ ಒಂದೇ ಸಾಲಾಗಿತ್ತು.

ಯೋಜನೆಗೆ ಅನುಮತಿ ಸಿಕ್ಕಿತು. ಅದನ್ನು ಪ್ರಶ್ನಿಸಬೇಕೆಂದು ಊರಿನವರು ನನ್ನ ಬಳಿಗೆ ಬಂದಾಗ ಅನುಮತಿಯ ಪ್ರಕಟಣೆಯಾಗಿ 78 ದಿನ ಕಳೆದಿತ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ 2010ರ ಕಾಯ್ದೆಯ 16ನೆಯ ಕಲಮಿನಂತೆ ಮೇಲ್ಮನವಿಗೆ 30 ದಿನಗಳ ಕಾಲಮಿತಿ, ಸೂಕ್ತ ಕಾರಣವಿದ್ದರೆ ಇನ್ನು 60 ದಿನ, ಅದರಾಚೆಗೆ ಒಂದು ದಿನವನ್ನೂ ಮನ್ನಿಸುವ ಅಧಿಕಾರ ನ್ಯಾಯಮಂಡಳಿಗಿಲ್ಲ. ಸಿವಿಲ್ ಕೋರ್ಟುಗಳಲ್ಲಿ ವಿಳಂಬ ಮನ್ನಾ ಅರ್ಜಿ ಹಾಕಿ ಅಭ್ಯಾಸವಾಗಿದ್ದ ನಾನು ಆ ‘ಅದರಾಚೆಗೆ ಇಲ್ಲ’ ಎಂಬುದರ ತೂಕವನ್ನು ಅರಿತಿರಲಿಲ್ಲ. ಪಂಚಾಯಿತಿಯ ಠರಾವು, ಪಹಣಿ, ರೇಷ್ಮೆ ಗೂಡಿನ ಲೆಕ್ಕ ಎಲ್ಲವೂ ಕನ್ನಡದಲ್ಲಿದ್ದವು. ಅವನ್ನು ಇಂಗ್ಲಿಷಿಗೆ ತರುವುದರಲ್ಲೇ ಎರಡು ವಾರ ಹೋಯಿತು. ಚೆನ್ನೈನಲ್ಲಿರುವ ದಕ್ಷಿಣ ವಲಯ ಪೀಠದಲ್ಲಿ ಮೇಲ್ಮನವಿ ದಾಖಲಾದದ್ದು 93ನೆಯ ದಿನ, ಅದು ಕಾಲಮಿತಿಯ ಕಾರಣಕ್ಕೇ ವಜಾ ಆಯಿತು. ಧೂಳಿನ ಬಗ್ಗೆ ಒಂದು ಮಾತನ್ನೂ ಆಡಲು ಅವಕಾಶ ಸಿಗಲಿಲ್ಲ. ತಪ್ಪು ನನ್ನದು, ಮತ್ತು ಆ ಮೂರು ದಿನಗಳ ಭಾರ ಇನ್ನೂ ನನ್ನ ಮೇಲಿದೆ.

ಆ ಸೋಲಿನಿಂದ ನನಗೆ ಪ್ರಶ್ನೆಗಳು ಹುಟ್ಟಿದವು. ಅನುಮತಿಯನ್ನು ‘ತಿಳಿಯಪಡಿಸಿದ ದಿನ’ ಎಂದರೆ ಯಾವುದು? ಪತ್ರಿಕೆಯ ಒಳಪುಟದಲ್ಲಿ ಅಚ್ಚಾದ ದಿನವೋ, ಊರಿನವರಿಗೆ ಗೊತ್ತಾದ ದಿನವೋ? ಜನರಿಗೆ ಅರ್ಥವಾಗದ ಸಾರಾಂಶವನ್ನು ಹಂಚಿದರೆ ಅಧಿಸೂಚನೆಯ ಷರತ್ತು ಪೂರೈಸಿದಂತಾಯಿತೇ? ನಾನು ಮಧ್ಯವಯಸ್ಸಿನಲ್ಲಿ ಇವುಗಳ ಹಿಂದೆ ಬಿದ್ದೆ, ನೀವು ಇಂಥ ಒಂದನ್ನು ಹಿಡಿದುಕೊಂಡೇ ಎಲ್‌ಎಲ್‌.ಎಂ.ಗೆ ಹೋಗಬಹುದು. ನಿಮ್ಮ ತಾಲ್ಲೂಕಿನಲ್ಲೇ ದೊಡ್ಡ ವಿಷಯವೊಂದಿದೆ. ಬೇಬಿ ಬೆಟ್ಟದ ಗಣಿಗಾರಿಕೆಯ ವಿವಾದದಲ್ಲಿ ಕರ್ನಾಟಕ ಹೈಕೋರ್ಟ್ 2024ರ ಜನವರಿಯಲ್ಲಿ, ಸುರಕ್ಷತೆಯ ಅಧ್ಯಯನ ಮುಗಿಯುವವರೆಗೆ ಕೆ.ಆರ್.ಎಸ್. ಅಣೆಕಟ್ಟೆಯ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆ ನಡೆಯಕೂಡದೆಂದು ಆದೇಶಿಸಿತು. 2021ರ ಅಣೆಕಟ್ಟೆ ಸುರಕ್ಷತಾ ಕಾಯ್ದೆ, ಗಣಿ ಕಾನೂನು, ಪರಿಸರ ಕಾನೂನು ಮೂರೂ ಅಲ್ಲಿ ಸೇರುತ್ತವೆ. ವಿದ್ಯುತ್ ಕಡೆಯಿಂದ ಬರಬೇಕೆಂದರೆ ತುಮಕೂರು ಜಿಲ್ಲೆಯ ಪಾವಗಡವನ್ನು ನೋಡಿ. ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ನಿಂತಿದೆ. ಸೌರ ಯೋಜನೆಗಳಿಗೆ 2006ರ ಅಧಿಸೂಚನೆಯಡಿ ಪರಿಸರ ಅನುಮತಿಯೇ ಬೇಕಿಲ್ಲ, ಅಂದರೆ ಆ ಅಧಿಸೂಚನೆಯ ಅಹವಾಲು ಸಭೆಯೂ ಇಲ್ಲ. ಹೊಗೆ ಬಾರದ ಯೋಜನೆ ಎಂಬ ಕಾರಣಕ್ಕೆ ಅಷ್ಟು ವಿಸ್ತಾರದ ನೆಲದ ಬದಲಾವಣೆಯನ್ನು ಯಾರೂ ಕೇಳಬೇಕಿಲ್ಲವೇ? ಕೂಲಿಗೆ ಹೋಗುತ್ತಿದ್ದವರ, ಕುರಿ ಮೇಯಿಸುತ್ತಿದ್ದವರ ಮಾತನ್ನು ಯಾವ ಕಾನೂನು ಕೇಳಿಸಿಕೊಳ್ಳಬೇಕು? ಒಂದು ಪ್ರಬಂಧಕ್ಕೆ ಇದು ಸಾಕಷ್ಟು ದೊಡ್ಡ ಪ್ರಶ್ನೆ.

ಇನ್ನು ಎಲ್ಲಿ ಓದಬೇಕೆಂಬ ವಿಷಯ. ‘ಪರಿಸರ ಮತ್ತು ಇಂಧನ ನಿಯಂತ್ರಣ’ ಎಂದೇ ಹೆಸರಿಟ್ಟ ಎಲ್‌ಎಲ್‌.ಎಂ. ನಮ್ಮ ದೇಶದಲ್ಲಿ ಅಪರೂಪ. ಹೆಚ್ಚಿನ ಕಡೆ ಐಚ್ಛಿಕ ಪತ್ರಿಕೆಗಳಿಂದಲೂ ಪ್ರಬಂಧದಿಂದಲೂ ನಾವೇ ಆ ದಾರಿಯನ್ನು ಮಾಡಿಕೊಳ್ಳಬೇಕಾಗುತ್ತದೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಒಂದು ವರ್ಷದ ಎಲ್‌ಎಲ್‌.ಎಂ. ಇದೆ, ಪರಿಸರ ಕಾನೂನಿಗೆಂದೇ 1997ರಿಂದ ‘ಸೀರಾ’ ಎಂಬ ಕೇಂದ್ರವೂ ಅಲ್ಲಿದೆ. ಅಲ್ಲಿಗೂ ಬಹುಪಾಲು ಇತರ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೂ ಪ್ರವೇಶ ಕ್ಲಾಟ್ ಸ್ನಾತಕೋತ್ತರ ಪರೀಕ್ಷೆಯ ಮೂಲಕ. ಎರಡು ಗಂಟೆಯಲ್ಲಿ 120 ಪ್ರಶ್ನೆಗಳು, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಎಲ್‌ಎಲ್‌.ಬಿ.ಯಲ್ಲಿ ಶೇ 50, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 45 ಅಂಕಗಳು ಬೇಕು. ಕೊನೆಯ ವರ್ಷದಲ್ಲಿರುವವರೂ ಬರೆಯಬಹುದು. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಮಾತ್ರ ತನ್ನದೇ ಐಲೆಟ್ ಪರೀಕ್ಷೆ ನಡೆಸುತ್ತದೆ. ಪರಿಸರವನ್ನೇ ಪ್ರಧಾನವಾಗಿ ಓದಬೇಕೆಂದರೆ ದೆಹಲಿಯ ಟೆರಿ ಸ್ಕೂಲ್ ಆಫ್ ಅಡ್ವಾನ್ಸ್‌ಡ್ ಸ್ಟಡೀಸ್ ಅನ್ನೂ, ಇಂಧನವನ್ನೇ ಪ್ರಧಾನವಾಗಿ ಓದಬೇಕೆಂದರೆ ಡೆಹ್ರಾಡೂನಿನ ಯು.ಪಿ.ಇ.ಎಸ್. ವಿಶ್ವವಿದ್ಯಾಲಯವನ್ನೂ ವಿಚಾರಿಸಿ. ಮನೆಯಿಂದಲೇ ಓಡಾಡಿ ಓದಬೇಕೆಂದಿದ್ದರೆ ಮಾನಸಗಂಗೋತ್ರಿಯ ಕಾನೂನು ಅಧ್ಯಯನ ವಿಭಾಗವಿದೆ. ರಾಜ್ಯ ವಿಶ್ವವಿದ್ಯಾಲಯಗಳ ಎಲ್‌ಎಲ್‌.ಎಂ. ಸಾಮಾನ್ಯವಾಗಿ ಎರಡು ವರ್ಷದ್ದು, ಖರ್ಚು ಬಹಳ ಕಡಿಮೆ, ಕ್ಷೇತ್ರಕಾರ್ಯಕ್ಕೆ ಸಮಯವೂ ಹೆಚ್ಚು. ಪಾಂಡವಪುರದ ಪ್ರಶ್ನೆಯನ್ನು ಹಿಡಿದವರಿಗೆ ಗಂಗೋತ್ರಿ ಕಡಿಮೆಯ ಜಾಗವೇನಲ್ಲ. ಎಲ್ಲಿಗೆ ಹೋದರೂ ಪ್ರವೇಶಕ್ಕೆ ಮೊದಲು ಒಂದನ್ನು ಮಾತ್ರ ವಿಚಾರಿಸಿ: ಪ್ರಬಂಧಕ್ಕೆ ಮಾರ್ಗದರ್ಶನ ಮಾಡುವ ಅಧ್ಯಾಪಕರು ವಿದ್ಯುತ್ ಆಯೋಗದ ಅಥವಾ ಹಸಿರು ನ್ಯಾಯಮಂಡಳಿಯ ಆದೇಶಗಳ ಮೇಲೆ ಏನಾದರೂ ಬರೆದಿದ್ದಾರೆಯೇ?

ಒಂದು ವರ್ಷದ ಎಲ್‌ಎಲ್‌.ಎಂ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಮಾರ್ಗಸೂಚಿಯಂತೆಯೇ ಆರಂಭವಾದದ್ದು. ಭಾರತೀಯ ವಕೀಲರ ಪರಿಷತ್ತು ಅದನ್ನು ನಿಲ್ಲಿಸಲು 2020ರ ನಿಯಮಗಳಲ್ಲಿ ಪ್ರಯತ್ನಿಸಿದಾಗ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಕೋರ್ಸು ನಡೆಯುತ್ತಲೇ ಬಂದಿದೆ. ಮುಂದೆ ಅಧ್ಯಾಪಕಿಯಾಗುವ ಮನಸ್ಸಿದ್ದರೆ ಎಲ್‌ಎಲ್‌.ಎಂ.ನಲ್ಲಿ ಶೇ 55 ಅಂಕಗಳ ಜೊತೆಗೆ ನೆಟ್ ಅಥವಾ ಕೆ-ಸೆಟ್ ಪಾಸಾಗಬೇಕೆಂಬುದನ್ನು ಗಮನದಲ್ಲಿಡಿ.

ಕನ್ನಡ ಮಾಧ್ಯಮದ ಬಗ್ಗೆ ಅಳುಕು ಬೇಡ. ಎಲ್‌ಎಲ್‌.ಎಂ. ಇಂಗ್ಲಿಷಿನಲ್ಲೇ ಇರುತ್ತದೆ, ನ್ಯಾಯಮಂಡಳಿಗಳೂ ಇಂಗ್ಲಿಷಿನಲ್ಲೇ ನಡೆಯುತ್ತವೆ, ಆ ಶ್ರಮ ತಪ್ಪದು. ಆದರೆ ನಾನು ಎರಡು ವಾರ ಕಳೆದುಕೊಂಡದ್ದು ಎಲ್ಲಿ ಎಂಬುದನ್ನು ನೆನಪಿಡಿ. ಪಹಣಿಯನ್ನೂ ಪಂಚಾಯಿತಿ ಠರಾವನ್ನೂ ತಡವರಿಸದೆ ಓದಿ, ಅದೇ ರಾತ್ರಿ ಅದನ್ನು ಸರಿಯಾದ ಇಂಗ್ಲಿಷಿನ ಅಫಿಡವಿಟ್ ಆಗಿ ಮಾಡಬಲ್ಲ ವಕೀಲೆ ಆವತ್ತು ನನ್ನ ಕಚೇರಿಯಲ್ಲಿ ಇದ್ದಿದ್ದರೆ ಆ ಪ್ರಕರಣದ ಹಣೆಬರಹವೇ ಬೇರೆಯಾಗುತ್ತಿತ್ತು. ಅಭ್ಯಾಸಕ್ಕೆಂದು ನಿಮ್ಮ ಜಿಲ್ಲೆಯ ಯಾವುದಾದರೂ ಯೋಜನೆಯ ಪರಿಸರ ವರದಿಯನ್ನು ತೆಗೆದುಕೊಂಡು, ಧೂಳಿನ ಅಧ್ಯಾಯವನ್ನು ಮಾತ್ರ ನಿಮ್ಮ ಅಜ್ಜಿಗೆ ಅರ್ಥವಾಗುವ ಕನ್ನಡಕ್ಕೆ ತನ್ನಿ. ಒಂದು ತಿಂಗಳು ಹಿಡಿಯಬಹುದು. ಅದರಷ್ಟು ಒಳ್ಳೆಯ ತಯಾರಿ ಬೇರೆಯಿಲ್ಲ.

ಅನ್ನದ ಪ್ರಶ್ನೆಗೆ ಬರುತ್ತೇನೆ. ಸೀನಿಯರ್‌ಗಳ ಮಾತು ಪೂರ್ತಿ ಸುಳ್ಳಲ್ಲ. ಹಳ್ಳಿಯವರ ಪರವಾಗಿ ನಡೆಸುವ ಪರಿಸರ ಪ್ರಕರಣಗಳಿಂದ ಮೊದಲ ಕೆಲವು ವರ್ಷ ಬಾಡಿಗೆ ಕಟ್ಟುವುದು ಕಷ್ಟ, ಹಾಗಾಗಿ ಸಿವಿಲ್ ಕೆಲಸವನ್ನು ಕೈಬಿಡಬೇಡಿ. ವಿದ್ಯುತ್ ಕಾನೂನು ಜೀವನಕ್ಕೆ ಆಧಾರವಾಗುವುದು ಇಲ್ಲಿಯೇ. ವಿದ್ಯುತ್ ಖರೀದಿ ಒಪ್ಪಂದ, ಸ್ಥಳೀಯ ಕಂಪನಿಯನ್ನು ಬಿಟ್ಟು ಬೇರೆಯವರಿಂದ ನೇರವಾಗಿ ವಿದ್ಯುತ್ ಕೊಳ್ಳುವ ‘ಮುಕ್ತ ಪ್ರವೇಶ’, ಸೌರ ಘಟಕಗಳ ದರ ಇವುಗಳ ವ್ಯಾಜ್ಯಗಳು ಬೆಂಗಳೂರಿನ ಆಯೋಗದಲ್ಲೂ ದೆಹಲಿಯ ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿಯಲ್ಲೂ ನಿರಂತರವಾಗಿ ಇರುತ್ತವೆ, ಕಂಪನಿಗಳು ಅದಕ್ಕೆ ಹಣ ಕೊಡುತ್ತವೆ. ಪ್ರತಿಯೊಂದು ವಿದ್ಯುತ್ ನಿಯಂತ್ರಣ ಆಯೋಗದಲ್ಲೂ ಕಾನೂನು ಕ್ಷೇತ್ರದ ಒಬ್ಬ ಸದಸ್ಯರು ಇರಲೇಬೇಕೆಂದು ಸುಪ್ರೀಂ ಕೋರ್ಟ್ 2018ರ ಏಪ್ರಿಲ್‌ನಲ್ಲಿ ಹೇಳಿದೆ. ಆ ಕುರ್ಚಿ ದೂರದ್ದು, ಆದರೆ ಲೈನ್‌ಮನ್ ಮಗಳೊಬ್ಬಳು ಅಲ್ಲಿ ಕುಳಿತು ದರದ ಆದೇಶ ಬರೆಯುವುದನ್ನು ನೋಡಲು ನನಗೆ ಇಷ್ಟ.

ಪ್ರಶ್ನೆ: ನಾನು ಮೈಸೂರಿನ ನಿವೃತ್ತ ಶಿಕ್ಷಕ. ಮಗ ಕಳೆದ ವರ್ಷ ಎಲ್‌ಎಲ್‌.ಬಿ. ಮುಗಿಸಿದ್ದಾನೆ. ಇಂಧನ ಮತ್ತು ಪರಿಸರ ಕಾನೂನನ್ನು ವಿದೇಶದಲ್ಲೇ ಓದಬೇಕೆಂದು ಹಟ ಹಿಡಿದಿದ್ದಾನೆ. ಸ್ಕಾಟ್ಲೆಂಡಿನ ಡಂಡೀ, ಅಮೆರಿಕದ ವರ್ಮಾಂಟ್ ಎಂದು ಹೇಳುತ್ತಾನೆ. ಊರಿನ ಜಮೀನನ್ನು ಅಡವಿಟ್ಟು ಸಾಲ ಮಾಡುವುದು ಸರಿಯೇ?

ಉತ್ತರ: ಸಾರ್, ಮಗನ ಆಯ್ಕೆಯಲ್ಲಿ ತಪ್ಪಿಲ್ಲ. ಡಂಡೀ ವಿಶ್ವವಿದ್ಯಾಲಯದ ಇಂಧನ, ಪೆಟ್ರೋಲಿಯಂ ಮತ್ತು ಖನಿಜ ಕಾನೂನಿನ ಕೇಂದ್ರ 1977ರಿಂದ ಇದೆ, ವರ್ಮಾಂಟ್ ಪರಿಸರ ಕಾನೂನಿಗೇ ಹೆಸರಾದ ಸಂಸ್ಥೆ. ಆದರೆ ಈ ವರ್ಷವೇ ಜಮೀನು ಅಡವಿಡಬೇಡಿ ಎಂದು ಸ್ಪಷ್ಟವಾಗಿ ಹೇಳುತ್ತೇನೆ. ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ ಎರಡು ವರ್ಷಕ್ಕೆ ಸಮನಾದ ಕೆಲಸದ ಅನುಭವ ಬೇಕು, ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕು. ಅಮೆರಿಕಕ್ಕೆ ಹೋಗುವವರಿಗಿರುವ ಫುಲ್‌ಬ್ರೈಟ್-ನೆಹರೂ ಮಾಸ್ಟರ್ಸ್ ಫೆಲೋಶಿಪ್‌ಗೆ ಕನಿಷ್ಠ ಮೂರು ವರ್ಷದ ಅನುಭವ ಬೇಕು. ಅಂದರೆ ಇವತ್ತೇ ಹೊರಟರೆ ಇವೆರಡೂ ಕೈತಪ್ಪುತ್ತವೆ. ಮಗ ಎರಡು ಮೂರು ವರ್ಷ ಇಲ್ಲಿ ವಕಾಲತ್ತು ಮಾಡಲಿ, ವಿದ್ಯುತ್ ಆಯೋಗದ ಕೆಲಸವಿರುವ ಕಚೇರಿಯೊಂದನ್ನು ಬೆಂಗಳೂರಿನಲ್ಲಿ ಹುಡುಕಿ ಸೇರಲಿ. ನೀವು ಪರಿಶಿಷ್ಟ ಜಾತಿಗೆ ಸೇರಿದವರಾದರೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವನ್ನೂ, ರಾಜ್ಯ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯನ್ನೂ ಮೊದಲು ವಿಚಾರಿಸಿ.

ಅಲ್ಲಿ ಕಲಿಯುವುದು ಅಲ್ಲಿನ ಕಾನೂನನ್ನು ಎಂಬುದೂ ತಿಳಿದಿರಲಿ. ಹಸಿರುಮನೆ ಅನಿಲಗಳನ್ನು ಅಲ್ಲಿನ ಪರಿಸರ ಸಂಸ್ಥೆ ನಿಯಂತ್ರಿಸಬಹುದೆಂದು ಅಮೆರಿಕದ ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿತು, 2022ರ ವೆಸ್ಟ್ ವರ್ಜೀನಿಯಾ ಪ್ರಕರಣದಲ್ಲಿ ವಿದ್ಯುತ್ ಸ್ಥಾವರಗಳ ವಿಷಯದಲ್ಲಿ ಅದೇ ಸಂಸ್ಥೆಯ ಅಧಿಕಾರವನ್ನು ಮೊಟಕುಗೊಳಿಸಿತು. ಇದೆಲ್ಲ ಓದಲು ಅಮೂಲ್ಯ, ಆದರೆ ಮಂಡ್ಯದ ಪ್ರಕರಣಕ್ಕೆ ನೇರವಾಗಿ ಬಳಕೆಗೆ ಬಾರದು. ವಿದೇಶದ ಓದು ನಿಜವಾಗಿ ಕೈಹಿಡಿಯುವುದು ಗಡಿ ದಾಟುವ ವಿಷಯಗಳಲ್ಲಿ. ಐರೋಪ್ಯ ಒಕ್ಕೂಟವು ಆಮದಾಗುವ ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ಗೊಬ್ಬರ ಮುಂತಾದವುಗಳ ತಯಾರಿಕೆಯಲ್ಲಿ ಹೊರಬಿದ್ದ ಇಂಗಾಲದ ಲೆಕ್ಕವನ್ನು 2023ರ ಅಕ್ಟೋಬರ್‌ನಿಂದ ಕೇಳತೊಡಗಿತು. ನಮ್ಮಲ್ಲಿ 2001ರ ಇಂಧನ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ, 2023ರಲ್ಲಿ ಇಂಗಾಲ ಕ್ರೆಡಿಟ್ ವ್ಯಾಪಾರದ ಯೋಜನೆ ಬಂತು. ಈ ಎರಡನ್ನೂ ಬಲ್ಲವರಿಗೆ ಕೆಲಸವಿದೆ. ಮಗ ಇಂಥದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೆ ಹೋಗಲಿ, ಹೆಸರಿನ ಆಕರ್ಷಣೆಗೆ ಹೊರಟಿದ್ದರೆ ನೀವು ಇನ್ನೊಮ್ಮೆ ಕುಳಿತು ಮಾತಾಡಿ. ಹಿಂದಿರುಗಿ ಅಧ್ಯಾಪಕನಾಗುವ ಯೋಚನೆಯಿದ್ದರೆ ಆ ಪದವಿಗೆ ಇಲ್ಲಿ ತತ್ಸಮಾನ ಮಾನ್ಯತೆ ಸಿಗುವುದೇ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ಲಿಖಿತವಾಗಿ ತಿಳಿದುಕೊಳ್ಳಲಿ.

ಪ್ರಶ್ನೆ: ಮದ್ದೂರಿನಲ್ಲಿದ್ದೇನೆ. ವಿದ್ಯುತ್ ಸರಬರಾಜು ಕಂಪನಿಯಲ್ಲಿ ಎಂಜಿನಿಯರ್, ವಯಸ್ಸು 41, ಓದಿದ್ದು ಬಿ.ಇ. ನೇರವಾಗಿ ಇಂಧನ ಕಾನೂನಿನ ಎಲ್‌ಎಲ್‌.ಎಂ. ಮಾಡಬಹುದೇ?

ಉತ್ತರ: ಮಾಡಲಾಗದು. ನಮ್ಮಲ್ಲಿ ಎಲ್‌ಎಲ್‌.ಎಂ.ಗೆ ಎಲ್‌ಎಲ್‌.ಬಿ. ಬೇಕೇ ಬೇಕು, ಎಲ್‌ಎಲ್‌.ಬಿ.ಯನ್ನು ತರಗತಿಗೆ ಹಾಜರಾಗಿಯೇ ಓದಬೇಕು, ಅಂಚೆ ಶಿಕ್ಷಣದಲ್ಲಿ ಅದಿಲ್ಲ. ನೌಕರಿಯಲ್ಲಿರುವ ನಿಮಗೆ ಮೂರು ವರ್ಷದ ಹಾಜರಾತಿ ಕಷ್ಟ, ಇಲಾಖೆಯ ಅನುಮತಿಯೂ ಬೇಕು. ಅದರ ಬದಲು ನ್ಯಾಷನಲ್ ಲಾ ಸ್ಕೂಲ್ ದೂರಶಿಕ್ಷಣದಲ್ಲಿ ನಡೆಸಿಕೊಂಡು ಬಂದಿರುವ ಪರಿಸರ ಕಾನೂನಿನ ಸ್ನಾತಕೋತ್ತರ ಡಿಪ್ಲೊಮಾವನ್ನು ವಿಚಾರಿಸಿ. ಅದಕ್ಕೆ ಕಾನೂನು ಪದವಿ ಬೇಕಿಲ್ಲ, ವಕಾಲತ್ತಿನ ಹಕ್ಕೂ ಬರುವುದಿಲ್ಲ.

ನಿಮ್ಮ ಅನುಕೂಲ ಬೇರೆಯೇ ಇದೆ. ಕಾನೂನು ಓದಿದ ನಾವು ದರದ ಅರ್ಜಿಯಲ್ಲಿ ತಡವರಿಸುವುದು ಲೆಕ್ಕದ ಪಟ್ಟಿಗಳ ಮುಂದೆ. ಸಾಗಣೆಯಲ್ಲಿ ಎಷ್ಟು ವಿದ್ಯುತ್ ಸೋರಿತು, ಪಂಪ್‌ಸೆಟ್‌ಗಳ ಬಳಕೆಯನ್ನು ಮೀಟರ್ ಇಲ್ಲದೆ ಹೇಗೆ ಅಂದಾಜು ಮಾಡಿದರು ಎಂಬುದು ನಿಮಗೆ ದಿನದ ಕೆಲಸ. ವಿದ್ಯುಚ್ಛಕ್ತಿ ಕಾಯ್ದೆಯ 84ನೆಯ ಕಲಮು ಆಯೋಗದ ಸದಸ್ಯತ್ವಕ್ಕೆ ಎಂಜಿನಿಯರಿಂಗ್ ಪರಿಣತಿಯನ್ನೂ ಹೆಸರಿಸಿದೆ. ಮೊದಲು ಆ ಕಾಯ್ದೆಯ 61ರಿಂದ 64ರವರೆಗಿನ ಕಲಮುಗಳನ್ನು ಓದಿ. ಕಂಪನಿಯ ದರದ ಅರ್ಜಿಯನ್ನು ಸಂಕ್ಷೇಪವಾಗಿ ಪ್ರಕಟಿಸಬೇಕು, ಆಯೋಗವು ಸಾರ್ವಜನಿಕರ ಸಲಹೆ ಆಕ್ಷೇಪಣೆಗಳನ್ನು ಪರಿಗಣಿಸಿ 120 ದಿನಗಳಲ್ಲಿ ಆದೇಶ ಹೊರಡಿಸಬೇಕು ಎಂಬುದು 64ರಲ್ಲಿದೆ. ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನ, ಕೊಡಗು ಜಿಲ್ಲೆಗಳ ದರಕ್ಕೆ ಸಂಬಂಧಿಸಿದ ಸಾರ್ವಜನಿಕ ವಿಚಾರಣೆಯನ್ನು ಆಯೋಗ ಮೈಸೂರಿಗೆ ಬಂದು ನಡೆಸುತ್ತದೆ. ನೀವು ಅದೇ ಕ್ಷೇತ್ರದ ನೌಕರರಾದ್ದರಿಂದ ನಿಮ್ಮ ಹೆಸರಿನಲ್ಲಿ ಆಕ್ಷೇಪಣೆ ಸಲ್ಲಿಸಬೇಡಿ, ಸೇವಾ ನಿಯಮದ ತೊಡಕಾದೀತು. ಒಂದು ದಿನ ರಜೆ ಹಾಕಿ ಬಂದು ಹಿಂದೆ ಕುಳಿತು ಕೇಳಿ, ಆಮೇಲೆ ಆದೇಶ ಪ್ರಕಟವಾದಾಗ ಅಲ್ಲಿ ಕೇಳಿದ ಯಾವ ಮಾತಿಗೆ ಆಯೋಗ ಯಾವ ಪುಟದಲ್ಲಿ ಏನು ಉತ್ತರ ಬರೆದಿದೆ ಎಂದು ಗುರುತು ಹಾಕಿಕೊಳ್ಳಿ. ಆ ಗುರುತುಗಳ ಪುಸ್ತಕದೊಂದಿಗೆ ಬರುವುದಾದರೆ, ಯಾವ ಶನಿವಾರವಾದರೂ ನನ್ನ ಕಚೇರಿಯ ಬಾಗಿಲು ನಿಮಗೆ ತೆರೆದಿರುತ್ತದೆ.